ಓಂಕಾರಪ್ಪ ಮೇಷ್ಟ್ರ ಅರ್ಧ ಪಾಠ

ಆಗ ನನಗೆ ಐವತ್ತೇಳು ವರ್ಷ. ಈಗ್ಗೆ ಎಂಟು ವರ್ಷದ ಹಿಂದಿನ ಮಾತು. ಎಂಟನೇ ಕ್ಲಾಸಿನ ಕಿಟಕಿಯ ಪಕ್ಕ ಹಾದು ಹೋಗುತ್ತಿದ್ದವಳು ಬೋರ್ಡಿನ ಕಡೆ ನೋಡಿ ನಿಂತುಬಿಟ್ಟೆ. ಓಂಕಾರಪ್ಪ ಮೇಷ್ಟ್ರು ಒಂದು ಸಾಲು ಬರೆದಿದ್ದರು. ಅದನ್ನು ಒರೆಸದೆ ಅದರ ಮೇಲೆಯೇ ಇನ್ನೊಂದು ಸಾಲು ಬರೆಯುತ್ತಿದ್ದರು. ಎರಡೂ ಸೇರಿ ಜೇಡರ ಬಲೆಯ ಹಾಗಾಗಿತ್ತು. ಮಕ್ಕಳು ನಗಲಿಲ್ಲ. ಮೇಷ್ಟ್ರು ಬಾಯಲ್ಲಿ ಹೇಳುತ್ತಿದ್ದದ್ದನ್ನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವು. ನಲವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಇಂಥದ್ದಕ್ಕೆ ಒಂದಾದರೂ ನಗದೆ ಇರುತ್ತದೆಯೇ? ಅವಕ್ಕೆಲ್ಲ ಮೊದಲೇ ಗೊತ್ತಿದೆ, ಗೊತ್ತಿಲ್ಲದವಳು ನಾನೇ ಅಂತ ಆಗ ತಿಳಿಯಿತು.

ನಾನು ಆ ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು. ಹೆಸರು ಹೊನ್ನಮ್ಮ. ಶಿವನಿ ಸ್ಟೇಷನ್ನಿನಿಂದ ಅಜ್ಜಂಪುರದ ಕಡೆಗೆ ಬರುವಾಗ ಸಿಗುವ ಊರು ನಮ್ಮದು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನನ್ನನ್ನು ದನದ ಹಿಂದೆ ಕಳಿಸಿದರು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಮೇಷ್ಟ್ರ ಹತ್ತಿರ ಓದಿದ ಹುಡುಗರು ಅವರ ನೆನಪಿಗೆ ಪುಸ್ತಕ ಮಾಡುತ್ತಾರಂತೆ, ನೀನೂ ಬರೆಯಬೇಕು ಅಜ್ಜಿ ಅಂತ ಹಿಂದೆ ಬಿದ್ದಿದ್ದಾರೆ. ಹೊಗಳಿ ಬರೆಯುವುದು ನನಗೆ ಬರುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ. ಬೇಕಾದರೆ ಹಾಕಿಕೊಳ್ಳಲಿ.

ಮೇಷ್ಟ್ರು ತರೀಕೆರೆ ಕಡೆಯವರು. ಉದ್ದಕ್ಕೆ, ಒಣಕಲು ಆಳು. ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಅದರಲ್ಲಿ ಒಂದು ಯಾವಾಗಲೂ ಹುಬ್ಬಿನ ಮೇಲೆ ಇಳಿದಿರುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮೂರ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಸೀದಾ ಅಡುಗೆ ಕೋಣೆಗೆ ಬಂದು, "ಏನಮ್ಮ, ಇವತ್ತು ಸಾರು ಯಾವ ಲೋಕದ್ದು?" ಅಂತ ಕೇಳುವುದು. ನಾನು, "ಈ ಲೋಕದ್ದೇ. ಉಪ್ಪು ಕಮ್ಮಿ ಅಂತ ಆಮೇಲೆ ಅನ್ನಬೇಡಿ," ಅನ್ನುವುದು. ಹನ್ನೊಂದು ವರ್ಷ ಹೀಗೇ ನಡೆಯಿತು. ಕಲಿಸುತ್ತಿದ್ದದ್ದು ವಿಜ್ಞಾನ. ಅದರಲ್ಲೂ ಆಕಾಶದ ಪಾಠ ಬಂದರೆ ಅವರಿಗೆ ಊಟ ಬೇಕಿರಲಿಲ್ಲ.

ಅವರದೊಂದು ಮಾತಿತ್ತು, "ನೆಲ ಐತಾ?" ಅಂತ. ಎಲ್ಲದಕ್ಕೂ ಅದನ್ನೇ ಕೇಳುವುದು. ಮೊದಲು ನನಗೆ ಹೊಲದ ಮಾತು ಅನ್ನಿಸಿತ್ತು. ಒಂದು ದಿನ ಬಿಡಿಸಿ ಹೇಳಿದರು. ಸೂರ್ಯನಿಂದ ದೂರದಲ್ಲಿ ನಾಲ್ಕು ಆಚೆ ಗ್ರಹಗಳಿವೆಯಂತೆ. ಗುರು, ಶನಿ, ಯುರೇನಸ್, ನೆಪ್ಚೂನ್. ನಮ್ಮ ಭೂಮಿ ಅವುಗಳ ಮುಂದೆ ಲೆಕ್ಕಕ್ಕಿಲ್ಲ. ಆದರೆ ಅಷ್ಟು ದೊಡ್ಡದಾಗಿದ್ದೂ ನಿಲ್ಲಲು ನೆಲವಿಲ್ಲ. ಮೇಲೆ ಗಾಳಿ, ಮೋಡ. ಕೆಳಗೆ ಹೋದ ಹಾಗೆಲ್ಲ ಅದೇ ಗಾಳಿ ಒತ್ತಿ ಒತ್ತಿ ಗಂಜಿಯ ಹಾಗಾಗುತ್ತದೆ. ಕಾಲಿಟ್ಟರೆ ಇಳಿಯುತ್ತಲೇ ಹೋಗಬೇಕು. ಅವುಗಳ ಆಚೆ ಪ್ಲುಟೊ ಅಂತ ಒಂದಿದೆ. ನಮ್ಮ ಚಂದ್ರನಿಗಿಂತ ಚಿಕ್ಕದು. ಆದರೆ ಅಲ್ಲಿ ಕಲ್ಲಿದೆ, ಮಂಜುಗಡ್ಡೆಯಿದೆ, ಕಾಲೂರಿ ನಿಲ್ಲಬಹುದು. ಮುಂಚೆ ಅದನ್ನೂ ಗ್ರಹ ಅನ್ನುತ್ತಿದ್ದರು. ಈಗ ಕುಬ್ಜ ಗ್ರಹ ಅನ್ನುತ್ತಾರೆ.

ಇದನ್ನು ಕಲಿತ ಮೇಲೆ ನಮ್ಮಿಬ್ಬರಿಗೂ ಒಂದು ಆಟವಾಯಿತು. ಸ್ಕೂಲಿಗೆ ಯಾರೋ ದೊಡ್ಡ ಮನುಷ್ಯರು ಬಂದು ಕೈ ಬೀಸಿ ಬೀಸಿ ಭಾಷಣ ಮಾಡಿ ಹೋದರೆ ಮೇಷ್ಟ್ರು ನನ್ನ ಹತ್ತಿರ ಬಂದು ಮೆಲ್ಲಗೆ, "ಗುರುಗ್ರಹ ಕಣಮ್ಮ. ನೆಲ ಇಲ್ಲ," ಅನ್ನುತ್ತಿದ್ದರು.

"ನಾನೋ?" ಅಂತ ಒಂದು ಸಲ ಕೇಳಿದೆ.

"ನೀನು ಪ್ಲುಟೊ."

"ಅಂದ್ರೆ?"

"ಗಟ್ಟಿ. ತಣ್ಣಗೆ. ಹತ್ರ ಯಾರೂ ಸುಳಿಯಲ್ಲ."

"ಬೈತಿದೀರೋ ಹೊಗಳ್ತಿದೀರೋ?"

"ಎರಡೂ ಕಣಮ್ಮ. ಸೌಟು ಕೆಳಗಿಡು."

ಆ ಪಾಠ ಬಂತೆಂದರೆ ನನ್ನ ಅಡುಗೆ ಕೋಣೆ ಅರ್ಧ ಖಾಲಿ. ಇದ್ದದ್ದರಲ್ಲಿ ದೊಡ್ಡ ಕುಂಬಳಕಾಯಿ ಗುರು. ಅದಕ್ಕಿಂತ ಸ್ವಲ್ಪ ಸಣ್ಣದು ಶನಿ. ಸುಲಿದ ತೆಂಗಿನಕಾಯಿ ಎರಡು, ಯುರೇನಸ್ಸು, ನೆಪ್ಚೂನು. ಭೂಮಿ ಒಂದು ನೆಲ್ಲಿಕಾಯಿ. ಪ್ಲುಟೊಗೆ ಒಂದು ಕಾಳುಮೆಣಸು. ಸೆರೆಸ್ ಅಂತ ಇನ್ನೊಂದು ಕುಬ್ಜ ಗ್ರಹ ಇದೆಯಂತೆ, ಅದಕ್ಕೆ ಒಂದು ಸಾಸಿವೆ. "ತಮಾಷೆಗಲ್ಲ ಕಣಮ್ಮ, ಅಳತೆ ಹೆಚ್ಚೂ ಕಮ್ಮಿ ಹೀಗೇ," ಅನ್ನುತ್ತಿದ್ದರು. "ಅಳತೆ ಏನಾದ್ರೂ ಇರ್ಲಿ, ಕುಂಬಳಕಾಯಿ ಬೀಳಿಸದೆ ವಾಪಸ್ ತನ್ನಿ," ಅನ್ನುತ್ತಿದ್ದೆ ನಾನು. ಮಾರನೆ ದಿನ ಅದನ್ನೇ ಹೆಚ್ಚಿ ಸಾರಿಗೆ ಹಾಕುತ್ತಿದ್ದೆ. ಮಕ್ಕಳು ತಟ್ಟೆ ಹಿಡಿದು, "ಇವತ್ತು ಗುರು ಸಾರಾ ಅಜ್ಜಿ?" ಅಂತ ಕೇಳುತ್ತಿದ್ದವು. "ಹೂಂ, ಶನಿ ಪಲ್ಯ ನಾಳೆ," ಅನ್ನುತ್ತಿದ್ದೆ.

ಶನಿ ಅಂದಾಗ ದ್ಯಾಮಕ್ಕನ ಜಗಳ ಬರೆಯಲೇಬೇಕು. ಒಂದು ವರ್ಷ ಮೇಷ್ಟ್ರು ಮಕ್ಕಳನ್ನೇ ಗ್ರಹ ಮಾಡಿ ಮೈದಾನದಲ್ಲಿ ಸುತ್ತಿಸಿದರು. ಮಧ್ಯೆ ಒಂದು ಗೂಟ ನೆಟ್ಟು, ರಾಗಿ ಕಣದಲ್ಲಿ ಎತ್ತು ಕಟ್ಟುವ ಹಾಗೆ ಉದ್ದುದ್ದ ಹಗ್ಗ ಕಟ್ಟಿ, ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು. ದ್ಯಾಮಕ್ಕನ ಮಗ ಶನಿಯಾದ. ಸುದ್ದಿ ಮನೆ ಮುಟ್ಟಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.

"ಏನ್ ಮೇಷ್ಟ್ರೇ, ನನ್ ಮಗನ್ನ ಶನಿ ಮಾಡಿದ್ದೀರಂತೆ? ಮನೇಲಿ ಹಿಡ್ದಿರೋದು ಸಾಲ್ದು ಅಂತಾನಾ?"

"ತಾಯಿ, ಅದು ಆಕಾಶದಾಗೆ ಇರೋ ಒಂದು ಗ್ರಹ ಅಷ್ಟೇ. ಸುತ್ತ ಬಳೆ ತೊಟ್ಕಂಡು ಚೆಂದ ಐತೆ."

"ಬಳೆ ತೊಟ್ಟರೂ ಶನಿ ಶನಿನೇ. ನನ್ ಮಗನ್ನ ಗುರು ಮಾಡಿ."

"ಗುರು ಆಗ್ಲೇ ಗೌಡ್ರ ಮಗ ಆಗವ್ನೆ."

"ಹಂಗಾದ್ರೆ ಗೌಡ್ರ ಮಗನ್ನೇ ಶನಿ ಮಾಡಿ. ಅವರ ಮನೆ ತಡ್ಕಂತದೆ!"

ಮಕ್ಕಳೆಲ್ಲ ಹಗ್ಗ ಬಿಟ್ಟು ನಗಲು ಶುರು ಮಾಡಿದವು. ಕೊನೆಗೆ ಮೇಷ್ಟ್ರೇ ಹುಲ್ಲಿನ ಹಗ್ಗವೊಂದನ್ನು ಸೊಂಟದ ಸುತ್ತ ಬಳೆಯ ಹಾಗೆ ಸುತ್ತಿಕೊಂಡು, "ನಾನೇ ಶನಿ ಆಗ್ತೀನಿ ಬಿಡಮ್ಮ, ನನಗೆ ಹಿಂದೆ ಮುಂದೆ ಯಾರೂ ಇಲ್ಲ," ಅಂದು ಸುತ್ತತೊಡಗಿದರು. ದ್ಯಾಮಕ್ಕ ಅವರನ್ನು ಎರಡು ಸುತ್ತು ನೋಡಿದಳು. ಕೋಪ ಇಳಿಯಿತು. "ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ಮೇಷ್ಟ್ರೇ, ಮರೀಬೇಡಿ," ಅಂತ ಹೇಳಿ ಹೋದಳು. ಪ್ಲುಟೊ ಆಗಿದ್ದ ಹುಡುಗಿಯ ಮನೆಯಿಂದ ಯಾರೂ ಜಗಳಕ್ಕೆ ಬರಲಿಲ್ಲ. ಆ ಹೆಸರಿನಿಂದ ನಮ್ಮೂರಲ್ಲಿ ಯಾರಿಗೂ ಒಳ್ಳೆಯದೂ ಆಗಿರಲಿಲ್ಲ, ಕೆಟ್ಟದ್ದೂ ಆಗಿರಲಿಲ್ಲ.

ಇದೆಲ್ಲ ಚೆನ್ನಾಗಿದ್ದ ಕಾಲದ್ದು. ಬೋರ್ಡಿನ ಮೇಲೆ ಸಾಲಿನ ಮೇಲೆ ಸಾಲು ಬಿದ್ದದ್ದನ್ನು ನೋಡಿದ ದಿನ ಊಟಕ್ಕೆ ಬಂದಾಗ ನಾನು ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಆಗುವುದಿಲ್ಲ.

"ಮೇಷ್ಟ್ರೇ, ಕಣ್ಣು ಕಾಣಲ್ವಾ?"

ಅವರ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಅಂದರು, "ಕಾಣ್ತದೆ ಕಣಮ್ಮ. ಕೊಳವೆ ಒಳಗಿಂದ ನೋಡಿದಂಗೆ. ಅಕ್ಕಪಕ್ಕ ಎಲ್ಲ ಕತ್ತಲೆ. ಕೊಳವೆನೂ ದಿನಾ ಸಣ್ಣ ಆಗ್ತಾ ಐತೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ಶಿವಮೊಗ್ಗದಾಗೆ ತೋರಿಸ್ದೆ. ಕಣ್ಣಿನ ಹಿಂದಿನ ಪರದೆ ಒಣಗ್ತಾ ಐತಂತೆ. ಔಷಧಿ ಇಲ್ಲ ಅಂದ್ರು."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ಈಗ ಹಿಂದಿನದೆಲ್ಲ ಹೊಂದಿಕೊಂಡಿತು. ಎಡಗೈಯನ್ನು ಗೋಡೆಗೆ ತಾಗಿಸಿಕೊಂಡು ನಡೆಯುವುದು, ಬಾಗಿಲ ಪಕ್ಕ ಮಲಗಿದ ನಾಯಿಯನ್ನು ಎಡವುವುದು, ಪುಸ್ತಕವನ್ನು ಯಾವುದಾದರೂ ಹುಡುಗಿಯ ಕೈಗೆ ಕೊಟ್ಟು ಓದಿಸುವುದು. ಪುಸ್ತಕ ಪೂರ್ತಿ ಅವರ ಬಾಯಲ್ಲೇ ಇತ್ತು. ಓದುವ ಹುಡುಗಿ ತಪ್ಪಿದರೆ ನಿಂತಲ್ಲಿಂದಲೇ ತಿದ್ದುತ್ತಿದ್ದರು. ಮಕ್ಕಳನ್ನು ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದರು. ಆ ಮಕ್ಕಳೋ, ಅವರು ಬರುವ ಮುಂಚೆ ದಾರಿಯಲ್ಲಿರುವ ಬೆಂಚು, ಬ್ಯಾಗು ಎಲ್ಲ ಸರಿಸಿ ಇಡುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ.

"ಈ ವರ್ಷ ಮುಗಿಸಿ ಹೋಗ್ತೀನಿ ಕಣಮ್ಮ," ಅಂದರು ಮೇಷ್ಟ್ರು. "ಬೇಸಿಗೆ ರಜಾ ಬರೋಗಂಟ. ಈ ಎಂಟನೇ ಕ್ಲಾಸಿಗೆ ಆಕಾಶ ತೋರಿಸಿ ಹೋದ್ರೆ ಸಾಕು. ಅಲ್ಲೀಗಂಟ ಯಾರಿಗೂ ಹೇಳಬೇಡ."

"ನಾನ್ಯಾರಿಗೆ ಹೇಳ್ಲಿ? ನನ್ ಮಾತು ಯಾರು ಕೇಳ್ತಾರೆ?" ಅಂದೆ. ಅವತ್ತಿನಿಂದ ಅವರ ತಟ್ಟೆಯಲ್ಲಿ ಉಪ್ಪನ್ನು ಬಲಕ್ಕೇ ಬಡಿಸಿದೆ, ನೀರಿನ ಲೋಟವನ್ನು ಎಡಕ್ಕೇ ಇಟ್ಟೆ. ಅಷ್ಟೇ ನಾನು ಮಾಡಿದ್ದು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸ್ಕೂಲು ನೋಡಲು ಮೇಲಿನವರೊಬ್ಬರು ಬರುತ್ತಾರೆ ಅಂತ ಸುದ್ದಿ ಬಂತು. ಸಾಹೇಬರು ಪಾಠ ಕೇಳುತ್ತಾರಂತೆ. ಹೆಡ್‌ಮಾಸ್ಟರು ಎಂಟನೇ ಕ್ಲಾಸನ್ನೇ ತೋರಿಸುವುದೆಂದು ಇಟ್ಟುಕೊಂಡರು, ಯಾಕೆಂದರೆ ಓಂಕಾರಪ್ಪ ಮೇಷ್ಟ್ರ ಪಾಠ ಎಲ್ಲರಿಗಿಂತ ಚೆಂದ. ಅವತ್ತಿನ ಪಾಠ, ಆಚೆ ಗ್ರಹಗಳಿಗೂ ಕುಬ್ಜ ಗ್ರಹಗಳಿಗೂ ಏನು ವ್ಯತ್ಯಾಸ ಅನ್ನುವುದು.

ಬೆಳಿಗ್ಗೆ ಮೇಷ್ಟ್ರು ಬೇಗ ಬಂದು ನನ್ನ ದೊಡ್ಡ ಮೊರ ತೆಗೆದುಕೊಂಡರು. ಅದರ ತುಂಬ ತೊಗರಿಬೇಳೆ ಹರಡಿದರು. ಅದರಲ್ಲಿ ಒಂದು ಕಾಳುಮೆಣಸು ಇಟ್ಟರು. ಮೊರದ ಒಂದು ಮೂಲೆಯಲ್ಲಿ ಬಿದಿರು ಹರಿದಿತ್ತು. ಬೆರಳಿಗೆ ಸಿಗಲಿ ಅಂತ ಮೆಣಸನ್ನು ಆ ಹರಿದ ಜಾಗದ ಪಕ್ಕದಲ್ಲೇ ಇಟ್ಟರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾರಲ್ಲ. ಮೊರವನ್ನು ಉಗ್ರಾಣದ ಮೇಜಿನ ಮೇಲಿಟ್ಟು, ಕ್ಲಾಸಿಗೆ ಬೇಕಾದಾಗ ತರಿಸಿಕೊಳ್ಳುತ್ತೇನೆ ಅಂದು ಹೋದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಸಾವಿತ್ರಿ. ಬಲು ಅಚ್ಚುಕಟ್ಟಿನ ಹೆಣ್ಣು. ಸಾಹೇಬರು ಅಡುಗೆ ಕೋಣೆಗೂ ಬರುತ್ತಾರೆ ಅಂತ ಅವತ್ತು ಇನ್ನೂ ಚುರುಕಾಗಿದ್ದಳು. ನಾನು ಹೊರಗೆ ತರಕಾರಿ ತೊಳೆಯುತ್ತಿದ್ದೆ. ಅವಳು ಉಗ್ರಾಣಕ್ಕೆ ಹೋದವಳು ಮೊರ ನೋಡಿದಳು. ಬೇಳೆ ತುಂಬಿದ ಮೊರ ಕಂಡರೆ ನಮ್ಮಂಥ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಹಸನು ಮಾಡಿದಳು. ಮೂಲೆಯಲ್ಲಿದ್ದ ಮೆಣಸನ್ನು ಕಲ್ಲು ಆರಿಸುವ ಹಾಗೆ ಆರಿಸಿ ಡಬ್ಬಿಗೆ ಹಾಕಿದಳು. ಬೇಳೆಯನ್ನು ಒಂದು ಸಲ ಕೇರಿ ಮೊದಲಿನ ಹಾಗೆ ಹರಡಿ ಇಟ್ಟಳು.

ಪಾಠದ ಹೊತ್ತಿಗೆ ಮೊರ ಕ್ಲಾಸಿಗೆ ಹೋಯಿತು. ಸಾಹೇಬರಿಗೆ ಕಾಫಿ ತೆಗೆದುಕೊಂಡು ನಾನೂ ಬಾಗಿಲಿಗೆ ಹೋದೆ. ಲೋಟ ಹಿಡಿದು ಅಲ್ಲೇ ನಿಂತೆ, ಮೇಷ್ಟ್ರು ಅಷ್ಟು ಚೆನ್ನಾಗಿ ಹೇಳುತ್ತಿದ್ದರು.

"ಗ್ರಹ ಅನ್ನಿಸಿಕೊಳ್ಳಬೇಕಾದರೆ ಮೂರು ಗುಣ ಬೇಕು ಮಕ್ಕಳೇ. ಒಂದು, ಸೂರ್ಯನ ಸುತ್ತ ಸುತ್ತಬೇಕು. ನೆಪ್ಚೂನ್ ಸುತ್ತುತ್ತದೆ, ಪ್ಲುಟೊನೂ ಸುತ್ತುತ್ತದೆ. ಎರಡು, ತನ್ನ ತೂಕಕ್ಕೇ ದುಂಡಗಾಗಿರಬೇಕು. ನೆಪ್ಚೂನ್ ದುಂಡಗಿದೆ, ಪ್ಲುಟೊನೂ ದುಂಡಗಿದೆ. ಇಲ್ಲಿಗಂಟ ಇಬ್ಬರೂ ಸಮ. ಮೂರನೆಯದರಲ್ಲಿ ಬೇರೆ ಆಗ್ತಾರೆ. ನೋಡಿ."

ತೆಂಗಿನಕಾಯಿಯನ್ನು ಬೇಳೆಯ ಮೇಲೆ ಒತ್ತಿ ಮೊರದಲ್ಲಿ ಒಂದು ಸುತ್ತು ಉರುಳಿಸಿದರು. ಅದು ಹೋದಲ್ಲೆಲ್ಲ ಬೇಳೆ ಎರಡೂ ಕಡೆ ಸರಿದು ಮೊರದ ತಳ ಕಂಡಿತು.

"ಇದು ನೆಪ್ಚೂನ್. ತನ್ನ ದಾರಿ ತಾನು ಗುಡಿಸಿಕೊಂಡಿತು. ಈಗ ಪ್ಲುಟೊ ನೋಡೋಣ."

ಅವರ ಬೆರಳು ಹರಿದ ಮೂಲೆಗೆ ಹೋಯಿತು. ಅಲ್ಲಿ ತಡಕಿತು. ಪಕ್ಕದಲ್ಲಿ ತಡಕಿತು. ಮೂಲೆಯಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬಂತು. ಹಳದಿ ಬೇಳೆಯಲ್ಲಿ ಕರಿ ಮೆಣಸಿದ್ದರೆ ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿತ್ತು. ಇರಲಿಲ್ಲ. ಅವರು ಮಾತ್ರ ಹುಡುಕುತ್ತಲೇ ಇದ್ದರು. ಇನ್ನೊಂದು ಕೈಯನ್ನೂ ಮೊರಕ್ಕೆ ಹಾಕಿದರು. ಎರಡೂ ಕೈ ಬೇಳೆಯಲ್ಲಿ, ಕಣ್ಣು ಎದುರಿನ ಗೋಡೆಯ ಮೇಲೆ. ಮುಂದಿನ ಬೆಂಚಿನ ಚೈತ್ರ ಅನ್ನುವ ಹುಡುಗಿ ಎದ್ದು, "ಸಾರ್, ನಾನು ಹುಡುಕಿ ಕೊಡ್ಲಾ ಸಾರ್?" ಅಂದಳು.

ಸಾಹೇಬರು ಎದ್ದು ಬಂದು ಮೊರ ನೋಡಿದರು. "ಮೇಷ್ಟ್ರೇ, ಇದರಲ್ಲಿ ಬರೀ ಬೇಳೆ ಇದೆಯಲ್ಲ," ಅಂದರು. ಆಮೇಲೆ ಮೇಷ್ಟ್ರ ಮುಖ ನೋಡಿದರು. ತಮ್ಮ ಕೈಯನ್ನು ಅವರ ಕಿವಿಯ ಪಕ್ಕದಲ್ಲಿ ಒಂದು ಸಲ ಆಡಿಸಿದರು. ಮೇಷ್ಟ್ರು ತಿರುಗಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಮಕ್ಕಳ ಮುಂದೆ ಮಾನ ಹೋಗಬಾರದು ಅಂತಲೇ ಗಡಿಬಿಡಿಯಲ್ಲಿ ಮಕ್ಕಳ ಕಡೆ ತಿರುಗಿ, "ಸರಿ ಮಕ್ಕಳೇ, ತುಂಬ ಚಿಕ್ಕದಾಗಿರುವುದರಿಂದ ಅದು ಕುಬ್ಜ ಗ್ರಹ. ಅಷ್ಟೇ. ಬರ್ಕೊಳ್ಳಿ," ಅಂದುಬಿಟ್ಟರು. ಮಕ್ಕಳು ಬರೆದುಕೊಂಡವು. ಮೇಷ್ಟ್ರು ಬಾಯಿ ತೆರೆದರು, ಏನೋ ಹೇಳಲು ಹೊರಟರು. ಬೆಲ್ಲು ಹೊಡೆಯಿತು. ಕಾಫಿ ನನ್ನ ಕೈಯಲ್ಲೇ ಆರಿತು.

ಸಾವಿತ್ರಿಗೆ ವಿಷಯ ಗೊತ್ತಾದಾಗ ಹಂಡೆಯ ಪಕ್ಕ ಕುಸಿದು ಕೂತಳು. "ಬೇಳೇಲಿ ಮೆಣಸು ಬಿದ್ದಿತ್ತು ಅಂತ ಆರಿಸ್ದೆ ಅಕ್ಕಾ. ನನಗೇನ್ ಗೊತ್ತು ಅಕ್ಕಾ..."

"ಅಳಬೇಡ. ನಾನಾಗಿದ್ರೂ ಆರಿಸ್ತಿದ್ದೆ. ಏಳು, ಅನ್ನ ಸೀದೋಗ್ತದೆ," ಅಂದೆ. ಅದು ನಿಜ. ಯಾರಾಗಿದ್ದರೂ ಆರಿಸುತ್ತಿದ್ದರು.

ಸಾಹೇಬರು ಹೆಡ್‌ಮಾಸ್ಟರ ಕೋಣೆಯಲ್ಲಿ ಮೇಷ್ಟ್ರ ಪಕ್ಕ ಕೂತು ಬಹಳ ಹೊತ್ತು ಮಾತಾಡಿದರು. ಬೈಯಲಿಲ್ಲ. ಹೀಗೆ ಕ್ಲಾಸಿನಲ್ಲಿ ನಿಲ್ಲುವುದು ಆಗುವುದಿಲ್ಲ, ರಜ ಹಾಕಿ, ಮುಂದಿನದು ನೋಡೋಣ ಅಂದರಂತೆ. ಆ ವಾರವೇ ಮೇಷ್ಟ್ರು ಕೋಣೆ ಖಾಲಿ ಮಾಡಿದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಪೂಜೆ ಸಾಮಾನಿನ ಚೀಲ. ತರೀಕೆರೆಯಿಂದ ಅವರ ಅಕ್ಕನ ಮಗ ಬಂದಿದ್ದ. ಬಸ್ಸು ಬರುವತನಕ ನಾನೂ ಜೊತೆಗೆ ನಿಂತಿದ್ದೆ. ಊರಿನವರು ಬಂದು, ಕಣ್ಣು ಸರಿ ಹೋಗುತ್ತದೆ ಬಿಡಿ ಮೇಷ್ಟ್ರೇ ಅಂತ ಹೇಳಿ ಹೋಗುತ್ತಿದ್ದರು. ಸರಿ ಹೋಗುವುದಿಲ್ಲ ಅಂತ ನನಗೂ ಮೇಷ್ಟ್ರಿಗೂ ಗೊತ್ತಿತ್ತು. ಸರಿ ಹೋಗುತ್ತದೆ ಅಂತ ನಾನು ಹೇಳಲಿಲ್ಲ.

ಬಸ್ಸು ಹತ್ತುವಾಗ ಅವರಂದದ್ದು ಕಣ್ಣಿನ ಮಾತಲ್ಲ. "ಹೊನ್ನಮ್ಮ, ಮಕ್ಕಳು ತಪ್ಪು ಬರ್ಕಂಡ್ವು ಕಣಮ್ಮ."

"ಸಾಹೇಬ್ರು ಹೇಳಿದ್ದಲ್ವಾ?"

"ಅವರದ್ದೂ ತಪ್ಪಲ್ಲ. ಪಾಠ ಅರ್ಧಕ್ಕೆ ನಿಂತೋಯ್ತು. ಚಿಕ್ಕದು ಅನ್ನೋದಷ್ಟೇ ಉಳ್ಕಂತು."

ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಅಜ್ಜಂಪುರದಲ್ಲಿ ಬಸ್ಸು ಬದಲಾಯಿಸಿ ತರೀಕೆರೆಗೆ ಹೋದೆ. ಕೇಳಿಕೊಂಡು ಅವರ ಅಕ್ಕನ ಮನೆ ಹುಡುಕಿದೆ. ಮೇಷ್ಟ್ರು ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಇನ್ನೂ ಒಣಗಿದ್ದರು. ಗಡ್ಡ ಬಂದಿತ್ತು. ವಿಭೂತಿ ಮಾತ್ರ ನೆಟ್ಟಗಿತ್ತು, ಅಕ್ಕ ಹಚ್ಚಿರಬೇಕು. ನಾನು ಚಪ್ಪಲಿ ಬಿಡುವಾಗಲೇ, "ಬಾರಮ್ಮ ಹೊನ್ನಮ್ಮ," ಅಂದರು.

"ಹೆಂಗೆ ಗೊತ್ತಾಯ್ತು?"

"ಚಪ್ಪಲಿ ಮೇಲೂ ಸಿಟ್ಟು ತೋರಿಸೋಳು ಇನ್ಯಾರಿದಾರೆ?"

ಕಣ್ಣು ಪೂರ್ತಿ ಹೋಗಿದೆಯಾ ಅಂತ ಕೇಳಿದೆ. ಬೆಳಕು ಇದೆಯೋ ಇಲ್ಲವೋ ಅಷ್ಟು ತಿಳಿಯುತ್ತದೆ ಅಂದರು. ಅವರ ಅಕ್ಕ ಕಾಫಿ ಕೊಟ್ಟು ಒಳಗೆ ಹೋದರು. ಲೋಟ ಎಡಕ್ಕಿಟ್ಟಿದ್ದೀನಿ ಅಂತ ನಾನೇ ಹೇಳಿದೆ. ಊರಿನ ಸುದ್ದಿ ಎಲ್ಲ ಹೇಳಿದ್ದಾಯಿತು. ಅವರು ಕೇಳಬೇಕಾದ್ದನ್ನು ಕೇಳದೆ ಲೋಟ ತಿರುಗಿಸುತ್ತಾ ಕೂತರು. ಕೊನೆಗೆ ಕೇಳಿದರು.

"ಆ ಪಾಠ ಯಾರಾದ್ರೂ ಸರಿ ಮಾಡಿದ್ರಾ?"

"ಇಲ್ಲ. ಬೇರೆ ಸ್ಕೂಲಿನೋರು ವಾರದಾಗೆ ಎರಡು ದಿನ ಬತ್ತಾರೆ. ಅದು ಆಗೈತೆ ಅಂತ ಮುಂದಕ್ಕೆ ಹೋದ್ರು."

ಅವರು ಮುಖ ಆಚೆ ತಿರುಗಿಸಿದರು. ಕಾಣದ ಕಣ್ಣಿನಲ್ಲೂ ನೀರು ಬರುತ್ತದೆ ಅಂತ ಅವತ್ತು ನೋಡಿದೆ. ಲೋಟ ಎತ್ತಿಕೊಂಡು ಹೋಗಲು ಬಂದ ಅವರ ಅಕ್ಕ ನನ್ನ ಕಡೆ ಬಗ್ಗಿ, "ಹೂಂ ಅಂದಿದ್ರೆ ನಿನಗೇನು ಹೋಗ್ತಿತ್ತು?" ಅಂತ ಪಿಸುಗುಟ್ಟಿದರು. ನಾನು ಸುಳ್ಳು ಹೇಳಲು ಅಷ್ಟು ದೂರ ಹೋಗಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಸರಿಯಾಗಿ ಕೂತರು. "ಇಲ್ಲಿ ಬಾ. ನಿನಗೆ ಹೇಳ್ತೀನಿ. ನೀನು ಹೋಗಿ ಹೇಳು."

"ನಾನಾ? ಅನ್ನ ಬಡ್ಸೋಳು ಮೇಷ್ಟ್ರೇ ನಾನು."

"ಬಡ್ಸೋವಾಗ ಬಾಯಿ ಖಾಲಿ ಇರ್ತದಲ್ಲ."

"ಇರಲ್ಲ. ಬೈಯೋಕೆ ಬೇಕು."

ನಕ್ಕರು. ಆಮೇಲೆ ಹೇಳಲು ಶುರು ಮಾಡಿದರು. ಕ್ಲಾಸಿನಲ್ಲಿ ಹೇಳುವ ಹಾಗೆಯೇ, ಆದರೆ ನನ್ನ ಭಾಷೆಯಲ್ಲಿ. ಹೇಳಿದ ಮೇಲೆ ನನ್ನಿಂದ ಒಪ್ಪಿಸಿಕೊಂಡರು.

"ಎರಡೂ ಸೂರ್ಯನ ಸುತ್ತ ಸುತ್ತತಾವೆ," ಅಂದೆ.

"ಸರಿ."

"ಎರಡೂ ದುಂಡಗವೆ. ಮುದ್ದೆ ನಾವು ದುಂಡಗೆ ಮಾಡ್ತೀವಿ, ಅವು ತಮ್ಮ ತೂಕಕ್ಕೆ ತಾವೇ ಆಗ್ತಾವೆ."

"ಭೇಷ್. ಪ್ಲುಟೊ ಯಾಕೆ ಕುಬ್ಜ? ಚಿಕ್ಕದು ಅಂತಾನಾ?"

"ಹೂಂ."

"ಅಲ್ಲ! ಬುಧ ಐತಲ್ಲ, ಅದೂ ಚಿಕ್ಕದೇ. ಆದ್ರೂ ಅದು ಗ್ರಹ. ಇನ್ನೊಂದ್ಸಲ ಹೇಳು. ದೂರ ಐತೆ ಅಂತಾನಾ?"

"ಅಲ್ಲ. ಸೆರೆಸ್ ಹತ್ರನೇ ಐತೆ. ಮಂಗಳಕ್ಕೂ ಗುರುಗೂ ನಡುವೆ. ಅದೂ ಕುಬ್ಜನೇ."

"ಮತ್ಯಾಕೆ?"

"ತನ್ನ ದಾರಿ ತಾನು ಗುಡಿಸ್ಕಂಡಿಲ್ಲ. ದಾರಿ ತುಂಬ ತನ್ನಂಥವೇ ಬಿದ್ದವೆ. ಗುರು, ಶನಿ, ಅವೆರಡು ತೆಂಗಿನಕಾಯಿ, ಎಲ್ಲ ದಾರಿ ಗುಡಿಸ್ಕಂಡವೆ. ಎಳ್ಕಂಡಿದ್ದನ್ನ ಎಳ್ಕಂಡು, ಎಸೆದಿದ್ದನ್ನ ಎಸೆದು."

"ಪ್ಲುಟೊ ದಾರಿ?"

"ವಾರೆ. ಒಂದೊಂದ್ಸಲ ನೆಪ್ಚೂನ್ ದಾರಿಗಿಂತ ಒಳಕ್ಕೆ ಬತ್ತದೆ. ಡಿಕ್ಕಿ ಆಗಲ್ಲ. ಅದು ಮೂರು ಸುತ್ತು ಬರೋದ್ರಾಗೆ ಇದು ಎರಡು ಸುತ್ತು. ಇದು ಇಲ್ಲಿರೋವಾಗ ಅದು ಬೇರೆ ಕಡೆ."

ಮೂರು ನಾಲ್ಕು ಸಲ ಹೀಗೇ ಒಪ್ಪಿಸಿಕೊಂಡರು. ನನಗೆ ಸಾಕಾಯಿತು. "ಅಲ್ಲ ಮೇಷ್ಟ್ರೇ, ಕಸ ಗುಡಿಸ್ಲಿಲ್ಲ ಅಂತ ಕೆಲಸದಿಂದ ತೆಗೆದುಹಾಕಿದ್ರಾ ಅದನ್ನ?" ಅಂದೆ. ತಮಾಷೆಗೇ ಅಂದದ್ದು.

"ಸೋಮಾರಿ ಅಲ್ಲ ಕಣಮ್ಮ ಅದು," ಅಂದರು. "ಗುಡಿಸೋಕೆ ಬಲ ಸಾಲ್ದು."

ಬಸ್ಸಿನ ಹೊತ್ತಾಯಿತು ಅಂತ ನಾನು ಎದ್ದೆ. ಮೆಟ್ಟಿಲಿಳಿದು ಬಲಕ್ಕೆ ಹೊರಟೆ. ಅವರು ಎದ್ದು ನಿಂತು ಎಡಗಡೆಯ ರಸ್ತೆಗೆ ಕೈ ಎತ್ತಿದರು. ಅಲ್ಲಿ ಒಂದು ಹಸು ನಿಂತಿತ್ತು. ನಾನು ಇತ್ತ ಇದ್ದೀನಿ ಅಂತ ಕೂಗಲು ಬಾಯಿಗೆ ಬಂತು, ಕೂಗಲಿಲ್ಲ. ಅವರು ಕೈ ಇಳಿಸುವತನಕ ನಿಂತಿದ್ದು ಹೊರಟೆ.

ಅದೇ ಕೊನೆ. ಮಳೆಗಾಲ ಮುಗಿಯುವುದರೊಳಗೆ ಮೇಷ್ಟ್ರು ಹೋದರು. ಎರಡು ದಿನ ಜ್ವರ ಬಂದಿತ್ತಂತೆ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಹಳ ದಿನ ಆಗಿತ್ತು. ಹೋಗಿ ನೋಡಲು ಏನೂ ಉಳಿದಿರಲಿಲ್ಲ, ನಾನು ಹೋಗಲಿಲ್ಲ.

ಅದಕ್ಕೂ ಮುಂಚೆ, ಮೇಷ್ಟ್ರನ್ನು ನೋಡಿ ತರೀಕೆರೆಯಿಂದ ಬಂದ ಮಾರನೆ ದಿನ ಬೆಳಿಗ್ಗೆ ನಾನು ಒಲೆ ಹಚ್ಚುವ ಮುಂಚೆ ಎಂಟನೇ ಕ್ಲಾಸಿಗೆ ಹೋದೆ. ಪ್ರಾರ್ಥನೆ ಮುಗಿದಿತ್ತು, ಮೇಷ್ಟ್ರುಗಳು ಇನ್ನೂ ಬಂದಿರಲಿಲ್ಲ. ಅಡುಗೆ ಅಜ್ಜಿ ಯಾಕೆ ಬಂದಳು ಅಂತ ಮಕ್ಕಳು ಒಂದರ ಮುಖ ಒಂದು ನೋಡಿದವು. ಹಿಂದಿನ ಬೆಂಚಿನ ಒಬ್ಬ ಕಿಸಕ್ಕೆಂದ. ಬಾಯಿ ಮುಚ್ಚು ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ನಿಂತಲ್ಲೇ ಒಂದೇ ಉಸಿರಿಗೆ ಹೇಳಿದೆ. ಬುಧ ಹೇಳಿದೆ, ಸೆರೆಸ್ ಹೇಳಿದೆ, ದಾರಿ ಗುಡಿಸುವುದು ಹೇಳಿದೆ. ಚಿಕ್ಕದು ಅನ್ನುವುದಕ್ಕಲ್ಲ, ಅದನ್ನು ಹೊಡೆದುಹಾಕಿ ಅಂದೆ.

ಚೈತ್ರ ಹಳೆಯ ಪುಟ ತೆಗೆದು ಅಡ್ಡಗೆರೆ ಎಳೆದಳು. "ಯಾರು ಹೇಳಿದ್ದು ಅಜ್ಜಿ?" ಅಂತ ಕೇಳಿದಳು.

"ನಿಮ್ಮ ಮೇಷ್ಟ್ರು."

ಕ್ಲಾಸೆಲ್ಲ ತಲೆ ಎತ್ತಿತು. "ಯಾವಾಗ ಬತ್ತಾರೆ?"

"ಬರಲ್ಲ," ಅಂದೆ. "ಬರ್ಕಳ್ಳಿ."

ಬರೆದುಕೊಂಡವು. ನಾನು ಹೋಗಿ ಅಕ್ಕಿ ತೊಳೆದೆ.